ಪಕ್ಕದ ಮನೆಯ ನೀರು

ಪ್ರಶ್ನೆ ಕೇಳಿದರೆ ಸಂಬಳ ಕೊಡುವವರೂ ಇದ್ದಾರೆ ಎಂದು ನನಗೆ ಗೊತ್ತಾದದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ. ಅಲ್ಲಿಯವರೆಗೆ ಬಂಗಾರಪೇಟೆಯ ನಮ್ಮ ಮನೆಯಲ್ಲಿ ಅದಕ್ಕೆ ಸಿಗುತ್ತಿದ್ದದ್ದು ಬೈಗುಳ ಮಾತ್ರ. "ಬಾಯ್ ಮುಚ್ಕೊಂಡು ರಾಗಿ ಬೀಸು, ಎಲ್ಲಾದ್ಕೂ ಯಾಕೆ ಯಾಕೆ ಅಂತೀಯಲ್ಲ" ಎಂದು ಅವ್ವ ಗದರುತ್ತಿದ್ದಳು. ಎಸ್ಸೆಸ್ಸೆಲ್ಸಿ ಪಾಸು ಮಾಡಿ, ಗಂಡು ಕುದುರದೆ, ಮನೆಯಲ್ಲಿ ಎಲ್ಲರ ಕಣ್ಣಿಗೂ ಬೀಳುತ್ತ ಕೂತಿದ್ದೆ. ಆಗ ಒಂದು ಸಮಿತಿ ಹುಟ್ಟಿಕೊಂಡಿತು. ಚಿನ್ನದ ಗಣಿಯ ಸುತ್ತಮುತ್ತ ಯಾವ ಯಾವ ಕೇರಿಗೆ ನೀರಿನ ಕೊರತೆ ಇದೆ ಎಂದು ಮನೆ ಮನೆಗೆ ಹೋಗಿ ಕೇಳಬೇಕು, ಕೊರತೆ ಇರುವ ಕೇರಿಗೆ ನಲ್ಲಿ ಹಾಕಿಸಬೇಕು. ಕೇಳಲು ಮೊದಲು ಗಂಡಸರನ್ನೇ ಕಳಿಸಿದರಂತೆ. ಮನೆಯ ಗಂಡಸರು ಶಿಫ್ಟಿಗೆ ಹೋದ ಹೊತ್ತಿನಲ್ಲಿ ಬಂದು "ನಿಮ್ಮ ಮನೆಯಲ್ಲಿ ಸ್ನಾನಕ್ಕೆಷ್ಟು ನೀರು" ಎಂದು ಕೇಳುವ ಅಪರಿಚಿತನಿಗೆ ನಮ್ಮ ಕಡೆಯ ಹೆಂಗಸರು ಏನು ಉತ್ತರ ಕೊಟ್ಟಿರಬಹುದು ಎಂಬುದನ್ನು ಊಹೆಗೆ ಬಿಡುತ್ತೇನೆ. ಅಂತೂ ಆಮೇಲೆ ಸಮಿತಿಗೆ ಓದಿದ ಹೆಣ್ಣುಮಕ್ಕಳ ನೆನಪಾಯಿತು.

ದಿನಾ ಬೆಳಿಗ್ಗೆ ಗಣಿ ಕಡೆಯ ರೈಲು ಹತ್ತುತ್ತಿದ್ದೆ. ಆ ಡಬ್ಬಿಯಲ್ಲಿ ಹಾಲಿನವರು, ಸೊಪ್ಪಿನವರು, ತಮಿಳಿನಲ್ಲಿ ಜಗಳ ಶುರು ಮಾಡಿ ತೆಲುಗಿನಲ್ಲಿ ರಾಜಿ ಮಾಡಿಕೊಳ್ಳುವ ಅತ್ತಿಗೆ ನಾದಿನಿಯರು ಎಲ್ಲರೂ ಇರುತ್ತಿದ್ದರು. ಮೊದಲನೆಯ ದಿನವೇ, ರೈಲು ಮುಂದಿನ ಸ್ಟೇಷನ್ ಮುಟ್ಟುವುದರೊಳಗೆ, ಎದುರಿಗೆ ಕೂತ ಸೊಪ್ಪಿನ ಅಜ್ಜಿ ನನ್ನ ವಯಸ್ಸು, ಜಾತಿ, ಸಂಬಳ, ಮದುವೆಯಾಗದಿರಲು ಕಾರಣ ಎಲ್ಲವನ್ನೂ ತಿಳಿದುಕೊಂಡಳು. ಅವಳ ಕೈಯಲ್ಲಿ ಫಾರಂ ಇರಲಿಲ್ಲ. ಒಂದು ಹಿಡಿ ಕಡಲೆಕಾಯಿ ಇತ್ತು. ಅದನ್ನು ನನ್ನ ಕೈಗೆ ಹಾಕಿ ಕೇಳಿದಳು, ನಾನು ಸಿಪ್ಪೆ ಬಿಡಿಸುತ್ತ ಹೇಳಿದೆ.

ನಮಗೆ ತರಬೇತಿ ಕೊಟ್ಟವರು ಬೆಂಗಳೂರಿನಿಂದ ಬಂದ ಮೇಲ್ವಿಚಾರಕರು. ಒಳ್ಳೆಯ ಮನುಷ್ಯ. ಇಸ್ತ್ರಿ ಮಾಡಿದ ಪ್ಯಾಂಟು, ಜೇಬಿನಲ್ಲಿ ಎರಡು ಪೆನ್ನು, ಪ್ರಶ್ನೆಗಳ ವಿಷಯದಲ್ಲಿ ದೇವರ ಮೇಲಿನಂಥ ಭಕ್ತಿ. ಪ್ರಶ್ನೆ ಚಿಕ್ಕದಾಗಿರಬೇಕು. ಒಂದು ಪ್ರಶ್ನೆಯಲ್ಲಿ ಎರಡು ವಿಷಯ ತುರುಕಬಾರದು. ಯಾವ ಉತ್ತರ ಬಂದರೆ ನಮಗೆ ಸಂತೋಷ ಎಂಬುದು ನಮ್ಮ ಮುಖದಲ್ಲಿ ಕಾಣಬಾರದು. ಮೊದಲು ಸುಲಭದ್ದನ್ನು ಕೇಳಬೇಕು, ಆಗ ಎದುರಿಗಿರುವವರ ಸಂಕೋಚ ಬಿಡುತ್ತದೆ. ಇಷ್ಟನ್ನೂ ಅವರು ಚೆನ್ನಾಗಿಯೇ ಹೇಳಿಕೊಟ್ಟರು, ಇವತ್ತಿಗೂ ಅದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಆದರೆ ಆ ಸುಲಭದ ಪ್ರಶ್ನೆ ಎಂದು ಅವರು ಆರಿಸಿದ್ದು ವಯಸ್ಸನ್ನು. "ವಯಸ್ಸೆಷ್ಟು" ಎಂದರೆ ನಮ್ಮ ಮುದುಕಿಯರು "ಪ್ಲೇಗು ಬಂದಾಗ ನಾನು ಲಂಗ ಉಟ್ಕೊತಿದ್ದೆ" ಎಂದು ಶುರು ಮಾಡಿ ಪ್ಲೇಗಿನಲ್ಲಿ ಸತ್ತವರನ್ನೆಲ್ಲ ಎಬ್ಬಿಸಿ ಕೂರಿಸಿ ಮಾತಾಡಿಸುತ್ತಿದ್ದರು. ಅರ್ಧ ಬೆಳಿಗ್ಗೆ ಅಲ್ಲೇ ಮುಗಿಯುತ್ತಿತ್ತು.

ಇನ್ನು ಆ ಫಾರಂನ ಕನ್ನಡ. ಮೂಲ ಇಂಗ್ಲಿಷಿನಲ್ಲಿತ್ತು. ಯಾರೋ ಪಂಡಿತರ ಕೈಗೆ ಕೊಟ್ಟು ಕನ್ನಡ ಮಾಡಿಸಿದ್ದರು. "ತಮ್ಮ ಗೃಹಕೃತ್ಯಗಳಿಗೆ ಲಭ್ಯವಿರುವ ಜಲವು ಪರ್ಯಾಪ್ತವೇ?" ಎನ್ನುವುದು ಅದರಲ್ಲಿನ ಮುಖ್ಯ ಪ್ರಶ್ನೆ. ಎದುರಿಗೆ ಎರಡು ಚೌಕ, ಹೌದು, ಇಲ್ಲ. ಇದನ್ನು ನಾನು ಮೊದಲ ಸಲ ಗಟ್ಟಿಯಾಗಿ ಓದಿದಾಗ ಒಬ್ಬ ಹೆಂಗಸು ಗಾಬರಿಯಾಗಿ "ನಮ್ಮನೆಯೋರು ಏನ್ ಮಾಡವ್ರಮ್ಮಾ?" ಎಂದು ಕೇಳಿದಳು. ಅಂದಿನಿಂದ ಫಾರಂ ಫಾರಂನ ಪಾಡಿಗೆ, ನಾನು ನನ್ನ ಪಾಡಿಗೆ. "ಮನೆಗೆ ನೀರು ಸಾಲ್ತದಾ?" ಎಂದು ಕೇಳಿ ಚೌಕದಲ್ಲಿ ಗುರುತು ಹಾಕುತ್ತಿದ್ದೆ.

ನನ್ನ ಅಕ್ಕನನ್ನು ಕೊಟ್ಟಿದ್ದು ಚಾಂಪಿಯನ್ ರೀಫ್ಸ್ ಗಣಿಯ ಆಚೆಗಿದ್ದ ಒಂದು ಕೇರಿಗೆ. ಗಣಿಯವರು ಕಟ್ಟಿಸಿದ ಲೈನು ಮನೆಗಳು ಮುಗಿದು, ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬ ದಾಟಿದ ಮೇಲೆ, ಯಾರ ಲೆಕ್ಕಕ್ಕೂ ಸೇರದ ಹಾಗೆ ಇದ್ದ ಮನೆಗಳ ಸಾಲು ಅದು. ಬೇತಮಂಗಲದ ಕೆರೆಯಿಂದ ಬರುವ ನೀರು ಲೈನುಗಳವರೆಗೆ ಬಂದು ನಿಲ್ಲುತ್ತಿತ್ತು. ಕೇರಿಯವರು ದಿಬ್ಬದ ಪಕ್ಕದ ಇಳಿಜಾರಿನಲ್ಲಿ ಹೋಗಿ ತೋಪಿನ ಬಾವಿಯಿಂದ ಹೊತ್ತು ತರಬೇಕಿತ್ತು. ಆ ಜಾಡಿನಲ್ಲಿ ಬೂದಿಯಂಥ ನುಣುಪು ಮಣ್ಣು. ಹಿಂದಿನ ವರ್ಷ ಅಕ್ಕ ಬಸುರಿಯಾಗಿದ್ದಾಗ, ತಲೆಯ ಮೇಲೊಂದು ಸೊಂಟದಲ್ಲೊಂದು ಬಿಂದಿಗೆ ಹೊತ್ತು ಬರುತ್ತ ಅಲ್ಲಿ ಜಾರಿ ಕೂತಿದ್ದಳು. ಮನೆಗೆ ಬರುವಷ್ಟರಲ್ಲಿ ಸೀರೆ ನೆನೆದಿತ್ತು. ಮಗು ಉಳಿಯಲಿಲ್ಲ. ಅವಳ ಅತ್ತೆ ಕೇರಿಗೆಲ್ಲ ದೃಷ್ಟಿಯಾಯಿತು ಎಂದು ಹೇಳಿ, ಮೆಣಸಿನಕಾಯಿ ನಿವಾಳಿಸಿ, ಆ ಮಾತನ್ನು ಅಲ್ಲಿಗೆ ಮುಗಿಸಿದರು. ಆಮೇಲೆ ಆ ಮನೆಯಲ್ಲಿ ಅದರ ಸುದ್ದಿ ಯಾರೂ ಎತ್ತಲಿಲ್ಲ.

ಈಗ ಅಕ್ಕ ಮತ್ತೆ ಬಸುರಿ. ಮತ್ತೆ ಅದೇ ಜಾಡು, ಅದೇ ಬಿಂದಿಗೆ. ನನಗೆ ಈ ಕೆಲಸ ಸಿಕ್ಕಿದ್ದು ಕೇಳಿ ಅವಳು ಸಂತೆಗೆ ಬಂದವರ ಕೈಲಿ ಹೇಳಿ ಕಳಿಸಿದ್ದು ಒಂದೇ ಮಾತು. "ನಮ್ ಕೇರೀಗ್ ಬೇಗ ಬಾರೇ." ಆ ಮಾತು ಕೇಳಿದ ಮೇಲೆ ನನಗೆ ಸಮಿತಿ, ಸಂಬಳ, ಚೌಕ ಯಾವುದೂ ಬೇರೆಯಾಗಿ ಕಾಣಲಿಲ್ಲ. ಎಲ್ಲ ಸೇರಿ ಒಂದು ನಲ್ಲಿಯಾಗಿತ್ತು. ಸಂಬಂಧಿಕರ ಮನೆಗೆ ನಾವೇ ಹೋಗಿ ಪ್ರಶ್ನೆ ಕೇಳಬಾರದೆಂಬ ನಿಯಮವೇನೋ ಇತ್ತು. ಆದರೆ ಆ ದಿಬ್ಬ ದಾಟಿ ಬಿಸಿಲಿನಲ್ಲಿ ನಡೆಯಲು ಬೇರೆ ಯಾರೂ ಒಪ್ಪದ್ದರಿಂದ ಮೇಲ್ವಿಚಾರಕರು, "ಸರಿ, ನಾನೂ ಜೊತೆಗೆ ಬರುತ್ತೇನೆ" ಎಂದು ಹೊರಟರು.

ಅಕ್ಕನ ಅತ್ತೆ ಜಗಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ಗಟ್ಟಿ ಹೆಂಗಸು, ಮಾತು ಇನ್ನೂ ಗಟ್ಟಿ. "ಬಾರಮ್ಮಾ, ಬನ್ನಿ ಸ್ವಾಮಿ" ಎಂದು ಚಾಪೆ ಹಾಸಿ, ಒಳಗಿನಿಂದ ತುಂಬಿದ ಹಿತ್ತಾಳೆ ಚೊಂಬು ತರಿಸಿ ನಮ್ಮ ಮುಂದಿಟ್ಟರು. ಕಾಲು ತೊಳೆಯಲು ಬೇರೆ ಒಂದು ತಂಬಿಗೆ. ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ಅವಳ ಕಾಲಿನ ಮೇಲೆ ದಿಬ್ಬದ ಬಿಳಿ ಮಣ್ಣು ಇನ್ನೂ ಒಣಗಿರಲಿಲ್ಲ. ನಮ್ಮ ಮುಂದಿದ್ದ ನೀರು ಈಗ ತಾನೇ ಅವಳ ತಲೆಯಿಂದ ಇಳಿದದ್ದು.

"ಒಂದೇ ಒಲೆಯಲ್ಲಿ ಉಣ್ಣೋರು ಯಾರ್‍ಯಾರು ಅತ್ತೆ?" ಎಂದು ಸುಲಭದ್ದರಿಂದ ಶುರು ಮಾಡಿದೆ. ಹೇಳಿದರು. "ಸೊಸೆಗೆ ಮಕ್ಕಳು?"

"ಆಗ್ತವೆ" ಎಂದರು.

ಅಲ್ಲಿ ಸಂಖ್ಯೆ ಬರೆಯಬೇಕಿತ್ತು. ನಾನು ಮೇಲ್ವಿಚಾರಕರ ಮುಖ ನೋಡಿದೆ. ಅವರು ಸಣ್ಣಗೆ ಒಂದು ಅಡ್ಡಗೆರೆ ಎಳೆಯುವಂತೆ ಕೈಸನ್ನೆ ಮಾಡಿದರು. ಎಳೆದೆ. ಆಮೇಲೆ ಎದೆ ಗಟ್ಟಿ ಮಾಡಿಕೊಂಡು ಕೇಳಿದೆ, "ಮನೆಗೆ ನೀರು ಸಾಲ್ತದಾ ಅತ್ತೆ?"

"ಸಾಲ್ತದಾ ಅಂದ್ರೆ ಏನಮ್ಮಾ, ಮಿಗ್ತದೆ! ನಮ್ ತಾವ ನೀರಿಗೇನ್ ಬಂತು ಬರ? ಎಮ್ಮೆ ಮೈ ತೊಳೆಯಾಕೂ ಮಿಗ್ತದೆ."

ಅವರಿಗೆ ಎಮ್ಮೆ ಇರಲಿಲ್ಲ.

"ಅತ್ತೆ, ಇದು ಬರ್ಕೊಂಡ್ ಹೋದ್ರೇನೇ ನಲ್ಲಿ ಬರೋದು, ಸಾಲಲ್ಲ ಅಂದ್ರೆ ಮಾತ್ರ" ಎಂದೆ. ಮೇಲ್ವಿಚಾರಕರು ಕೆಮ್ಮಿದರು. ಉತ್ತರವನ್ನು ಸೂಚಿಸಬಾರದು ಎಂಬ ಪಾಠವನ್ನು ನಾನು ಅವರ ಎದುರಿಗೇ ಮುರಿದಿದ್ದೆ. ಅತ್ತೆ ನನ್ನನ್ನು ದುರುಗುಟ್ಟಿ ನೋಡಿ, "ಒಸಲಿನ್ ಮೇಲೆ ಕೂತ್ಕೊಂಡು ಇಲ್ಲ ಅನ್ಬಾರ್ದಮ್ಮಾ. ನಿಮ್ಮವ್ವ ನಿಂಗ್ ಏಳ್ಕೊಟ್ಟಿಲ್ವಾ?" ಎಂದರು. ನಮ್ಮವ್ವ ಹೇಳಿಕೊಟ್ಟಿದ್ದಳು. ನಾನು 'ಹೌದು' ಚೌಕದಲ್ಲಿ ಗುರುತು ಹಾಕಿದೆ. ಪೆನ್ಸಿಲ್ ಮುರಿಯುವ ಹಾಗೆ ಒತ್ತಿ ಹಾಕಿದೆ.

ಕೇರಿಯ ಉಳಿದ ಮನೆಗಳಲ್ಲೂ ಅದೇ ಕಥೆ. "ತಣ್ಣಿ ನೆರೆಯಾ ಇರುಕ್ಕು" ಎಂದು ತಮಿಳಿನ ಮನೆಯಾಕೆ ಕೈ ಅಗಲಿಸಿ ತೋರಿಸಿದಳು. "ಮಾಕೇಮಿ ತಕ್ಕುವಮ್ಮಾ" ಎಂದು, ನಮಗೇನು ಕಮ್ಮಿ ಎಂಬಂತೆ, ತೆಲುಗಿನ ಮನೆಯಾಕೆ ಮೂಗು ಮುರಿದಳು. ಅಡುಗೆ, ದೇವರು, ಬೈಗುಳ ಯಾವುದರಲ್ಲೂ ಒಂದಾಗದ ಮೂರು ಭಾಷೆಯ ಜನ ಸುಳ್ಳಿನಲ್ಲಿ ಒಂದೇ ಮನೆಯವರಾಗಿಬಿಟ್ಟಿದ್ದರು. ಪ್ರತಿ ಮನೆಯಲ್ಲೂ ತುಂಬಿದ ಚೊಂಬು ಕೊಟ್ಟರು. ನೀರಿನ ಕೊರತೆ ಹುಡುಕಲು ಹೋದ ನಾವು ಕುಡಿದು ಕುಡಿದು ಹೊಟ್ಟೆ ಉಬ್ಬಿಸಿಕೊಂಡು ವಾಪಸಾದೆವು. ದಾರಿಯಲ್ಲಿ ಮೇಲ್ವಿಚಾರಕರು ಸಂತೋಷದಿಂದ, "ಸದ್ಯ, ಈ ಕೇರಿಗೆ ತೊಂದರೆ ಇಲ್ಲ" ಎಂದರು. ನನಗೆ ಅವರನ್ನು ಆ ಬಾವಿಗೆ ತಳ್ಳುವಷ್ಟು ಕೋಪ ಬಂತು.

ಕಾರಣ ಏನೆಂದು ಅಕ್ಕ ಹೇಳಿದಳು. ಮುಂದಿನ ಭಾನುವಾರ ತೋಪಿನ ಬಾವಿಯ ಕಟ್ಟೆಯ ಮೇಲೆ ಕೂತು, ಬಿಂದಿಗೆಯನ್ನು ತಾನೇ ಹೊರಲು ಹಟ ಮಾಡುತ್ತ ಹೇಳಿದಳು. "ಮೈದುನಂಗೆ ಎಣ್ ನೋಡ್ತಾ ಅವ್ರೆ ಕಣೇ. ನೀರಿಲ್ಲ ಅಂತ ಬರ್ದು ಸರ್ಕಾರದ ಪೇಪರ್‍ನಾಗೆ ಬಂದ್ರೆ ಈ ಕೇರೀಗ್ ಯಾರ್ ಎಣ್ ಕೊಡ್ತಾರೆ? ಎಲ್ಲಾರ್ ಮನೇಲೂ ಒಬ್ಬೊಬ್ಬ ಗಂಡು ಅವ್ನೆ."

"ನೀನ್ ಒಂದ್ ಮಾತಾಡ್ಬಾರ್ದಿತ್ತಾ?"

"ಅತ್ತೆ ಮುಂದೆ ನಾನ್ ಬಾಯ್ ಬಿಡೋದಾ?" ಎಂದು ನಕ್ಕಳು. ಅವಳ ಬೈತಲೆಯ ಹಿಂದೆ, ಬಿಂದಿಗೆಯ ಕೆಳಗಿನ ಸಿಂಬೆ ಕೂರುವ ಜಾಗದಲ್ಲಿ, ಕೂದಲು ಸವೆದು ನೆತ್ತಿ ಕಾಣುತ್ತಿತ್ತು. ನಗುವಾಗ ಅದನ್ನು ಸೆರಗಿನಿಂದ ಮುಚ್ಚಿಕೊಂಡಳು. ಒಂದು ಬಿಂದಿಗೆಯನ್ನು ಕಿತ್ತುಕೊಂಡು ನಾನೇ ಹೊತ್ತೆ, ಅರ್ಧ ದಾರಿಗೆ ಕುತ್ತಿಗೆ ನೋವು ಬಂದು ಅವಳಿಂದಲೇ ಬೈಸಿಕೊಂಡೆ.

ಅಂದಿನಿಂದ ರೈಲಿನಲ್ಲಿ ಕೂತರೂ ಅದೇ ಯೋಚನೆ. ಈ ಜನದ ಬಾಯಿಂದ ನಿಜ ಹೊರಡಿಸುವ ಪ್ರಶ್ನೆ ಯಾವುದು? ದಿನಕ್ಕೆಷ್ಟು ಬಿಂದಿಗೆ ಎಂದು ಕೇಳಿ ನೋಡಿದೆ, ಮದುವೆ ಮನೆಯ ಲೆಕ್ಕ ಹೇಳಿದರು. ಬಾವಿ ಎಷ್ಟು ದೂರ ಎಂದೆ, "ಇಲ್ಲೇ" ಎಂದರು. ನಮ್ಮ ಕಡೆ 'ಇಲ್ಲೇ' ಎಂದರೆ ಬುತ್ತಿ ಕಟ್ಟಿಕೊಂಡು ಹೊರಡಬೇಕು. ಕೊನೆಗೆ ದಾರಿ ತೋರಿಸಿದ್ದು ರೈಲಿನ ಹೆಂಗಸರು. ಅವರು ತಮ್ಮ ಮನೆಯ ವಿಷಯ ಕೇಳಿದರೆ ಎಲ್ಲ ಸುಖ ಎನ್ನುತ್ತಿದ್ದರು. ಪಕ್ಕದ ಮನೆಯ ವಿಷಯ ಕೇಳುವುದೇ ಬೇಡ, ತಾವಾಗಿಯೇ ಒಲೆಯ ಬೂದಿಯವರೆಗೂ ಬಿಚ್ಚಿಡುತ್ತಿದ್ದರು.

ಇದು ಹೊಳೆದ ಮಾರನೆಯ ದಿನ ಮೇಲ್ವಿಚಾರಕರ ಮುಂದೆ ನಿಂತು, "ಸಾರ್, 'ನಿಮ್ಮ ಪಕ್ಕದ ಮನೆಯವರಿಗೆ ನೀರು ಸಾಲುತ್ತದೆಯೇ' ಎಂದು ಕೇಳಬೇಕು" ಎಂದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತರು. ಪಕ್ಕದ ಮನೆಗೆ ಫಾರಂನಲ್ಲಿ ಜಾಗವಿಲ್ಲ ಎಂದರು. ಹಿಂಬದಿ ಖಾಲಿ ಇದೆ ಎಂದೆ. ಇದು ಶಾಸ್ತ್ರಕ್ಕೆ ಒಪ್ಪುತ್ತದೆಯೇ ಎಂದರು. ಅವರ ಶಾಸ್ತ್ರ ಆ ಕೇರಿಯಲ್ಲಿ ಎಷ್ಟು ಚೊಂಬು ನೀರು ಕುಡಿದಿತ್ತು ಎಂದು ನೆನಪು ಮಾಡಿಕೊಟ್ಟೆ. ನಕ್ಕುಬಿಟ್ಟರು. ಆ ಒಂದು ಕೇರಿಯಲ್ಲಿ ಮಾತ್ರ ಪರೀಕ್ಷೆಗೆ ಕೇಳಿ ನೋಡಲು ಒಪ್ಪಿದರು.

ನಾನು ಇಪ್ಪತ್ತು ವರ್ಷ ಈ ಕೆಲಸದಲ್ಲಿ ಸವೆದೆ. ಆ ಪ್ರಶ್ನೆಯಷ್ಟು ಇಷ್ಟಪಟ್ಟು ಜನ ಉತ್ತರಿಸಿದ ಇನ್ನೊಂದು ಪ್ರಶ್ನೆಯನ್ನು ನಾನು ನೋಡಿಲ್ಲ. ಅತ್ತೆ ಅವರೆಕಾಯಿಯ ಮೊರವನ್ನು ಬದಿಗೆ ಸರಿಸಿ, ನನ್ನ ಹತ್ತಿರಕ್ಕೆ ಜರುಗಿ, ದನಿ ತಗ್ಗಿಸಿದರು. "ಅಯ್ಯೋ, ಅವ್ರ್ ಕಥೆ ಕೇಳ್ಬೇಡ. ಪಾತ್ರೆ ತೊಳೆದ್ ನೀರ್‍ನಾಗೇ ಕೈ ತೊಳೀತಾರೆ. ಬಟ್ಟೆ ಒಗೆದು ಯಾವ್ ಕಾಲ ಆಯ್ತೋ!" ಪಕ್ಕದ ತಮಿಳಿನ ಮನೆಯಾಕೆ ಅತ್ತೆಯ ಮನೆಯ ಬಗ್ಗೆ ಇನ್ನೂ ಸೊಗಸಾಗಿ ಹೇಳಿದಳು. ತೆಲುಗಿನಾಕೆ ಇಬ್ಬರನ್ನೂ ಸೇರಿಸಿಕೊಂಡಳು. ಫಾರಂನ ಮುಂಬದಿಯ ಪ್ರಕಾರ ಕೇರಿಯಲ್ಲಿ ನೀರು ಹರಿದು ಹೋಗುತ್ತಿತ್ತು, ಹಿಂಬದಿಯ ಪ್ರಕಾರ ಕುಡಿಯಲು ಒಂದು ಹನಿ ಇರಲಿಲ್ಲ.

ಈ ಕಾಗದ ಮೇಲಿನ ಅಧಿಕಾರಿಗೆ ಹೋದಾಗ ಅವರಿಗೆ ಸಿಟ್ಟು ಬಂತಂತೆ. ಎಲ್ಲರಿಗೂ ನೀರಿದೆ, ಎಲ್ಲರ ಪಕ್ಕದ ಮನೆಯವರಿಗೂ ನೀರಿಲ್ಲ, ಇದೇನು ತಮಾಷೆಯೇ ಎಂದು ಒಂದು ಬೆಳಿಗ್ಗೆ, ನಮ್ಮಿಬ್ಬರನ್ನೂ ಕೇರಿಗೆ ಬರಹೇಳಿ, ತಾವೇ ಜೀಪಿನಲ್ಲಿ ಬಂದರು. ದಿಬ್ಬದ ಹತ್ತಿರ ಜೀಪು ಕಂಡ ಕೂಡಲೇ ಕೇರಿಯಲ್ಲಿ ಗಲಿಬಿಲಿ. ಮುರಿದ ಮಡಕೆಗಳು ಒಳಗೆ, ತೊಳೆದ ಬಿಂದಿಗೆಗಳು ಹೊರಗೆ. ಯಾರೋ ತಮ್ಮ ಮನೆಯ ಮುಂದೆ ನೀರು ಚೆಲ್ಲಿ ರಂಗೋಲಿಯನ್ನೂ ಎಳೆದರು. ಅಂಗಳಕ್ಕೆ ಚೆಲ್ಲಿದ ಆ ನೀರನ್ನು ನೋಡಿ ನಾನು ಹಣೆ ಹಣೆ ಚಚ್ಚಿಕೊಂಡೆ. ನಲ್ಲಿ ಅಲ್ಲೇ ನೆಲದಲ್ಲಿ ಇಂಗಿಹೋಗುತ್ತಿತ್ತು.

ಅಧಿಕಾರಿ ಅತ್ತೆಯ ಜಗಲಿಯ ಮೇಲೆ ಕೂತರು. ಅತ್ತೆ "ಬಂದೆ ಸ್ವಾಮಿ" ಎಂದು ಚೊಂಬು ತುಂಬಿ ತರಲು ಒಳಗೆ ಹೋದರು. ಮೇಲ್ವಿಚಾರಕರೂ ನಾನೂ ಶಿಕ್ಷೆಗೆ ಕಾಯುವವರ ಹಾಗೆ ನಿಂತಿದ್ದೆವು. ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು, ಹೊಟ್ಟೆ ಆಗಲೇ ಚೆನ್ನಾಗಿ ಕಾಣುತ್ತಿತ್ತು. ಸುಮ್ಮನೆ ಕೂರಲಾರದೆ ಅಧಿಕಾರಿ ಫಾರಂ ತಿರುವಿ, ಅಡ್ಡಗೆರೆ ಕಂಡು, ಅವಳನ್ನು ಕೇಳಿದರು. "ಮಕ್ಕಳೆಷ್ಟಮ್ಮಾ?"

ನೀರಿನ ವಿಷಯವಾಗಿದ್ದರೆ ಅವಳು ಬಾಯಿ ಬಿಡುತ್ತಿರಲಿಲ್ಲ. ಇದು ನೀರಿನ ಪ್ರಶ್ನೆಯಲ್ಲ, ಸುಲಭದ ಪ್ರಶ್ನೆ.

"ಒಂದು ನೀರಿನ್ ದಾರೀಲಿ ಓಯ್ತು ಸ್ವಾಮಿ" ಎಂದಳು. "ಇದೊಂದೈತೆ. ನೋಡ್ಬೇಕು."

ಚೊಂಬು ಹಿಡಿದುಕೊಂಡು ಅತ್ತೆ ಅವಳ ಹಿಂದೆಯೇ ಬಂದು ನಿಂತಿದ್ದರು. ಕೇಳಿಸಿಕೊಂಡರು. ನಾನು ಅವರ ಬಾಯಿಂದ ಒಂದು ಗದರಿಕೆ ಬರುತ್ತದೆ ಎಂದುಕೊಂಡೆ, ದೃಷ್ಟಿಯ ಮಾತು ಬರುತ್ತದೆ ಎಂದುಕೊಂಡೆ. ಆದರೆ ಅವರು ಚೊಂಬನ್ನು ಜಗಲಿಯ ಮೇಲಿಟ್ಟು ಒಳಗೆ ಹೋಗಿಬಿಟ್ಟರು. ಅಧಿಕಾರಿ ಆ ನೀರನ್ನು ಮುಟ್ಟಲಿಲ್ಲ. ಎದ್ದು ನಿಂತು, "ಆ ದಾರಿ ಎಲ್ಲಿದೆ, ತೋರಿಸಿ" ಎಂದು ನನ್ನನ್ನು ಕರೆದುಕೊಂಡು ಬೂಟಿನಲ್ಲೇ ಇಳಿಜಾರು ಇಳಿದರು. ಎರಡು ಕಡೆ ಜಾರಿದರು. ಒಂದು ಕಡೆ ನಾನು ಹಿಡಿದುಕೊಂಡೆ, ಇನ್ನೊಂದು ಕಡೆ ಬಿಟ್ಟೆ.

ನಲ್ಲಿ ಮಂಜೂರಾಯಿತು. ಮಂಜೂರಾದದ್ದಕ್ಕೂ ನೀರು ಬಂದದ್ದಕ್ಕೂ ನಡುವೆ ಸರ್ಕಾರದ ಕೆಲಸಕ್ಕೆ ಎಷ್ಟು ಕಾಲ ಬೇಕೋ ಅಷ್ಟು ಕಾಲ ಕಳೆಯಿತು. ಹೊಟ್ಟೆಯಲ್ಲಿರುವ ಮಗು ಅಷ್ಟು ಕಾಯುವುದಿಲ್ಲ. ಆದರೆ ಜೀಪು ಬಂದುಹೋದ ಮಾರನೆಯ ಬೆಳಿಗ್ಗೆಯಿಂದ ಬಿಂದಿಗೆ ಹೊತ್ತವರು ಅತ್ತೆ. ಅಕ್ಕನಿಗೆ ಒಂದು ಮಾತೂ ಹೇಳದೆ, ಮೂಲೆಯಲ್ಲಿದ್ದ ಸಿಂಬೆಯನ್ನು ತಮ್ಮ ತಲೆಯ ಮೇಲಿಟ್ಟುಕೊಂಡು ಹೊರಟರಂತೆ. ದಾರಿಯಲ್ಲಿ ಸಿಕ್ಕವರು ಕೇಳಿದರೆ, "ಮಂಡಿ ಇಡ್ಕೊಂಡೈತೆ ಕಣಮ್ಮಾ, ನಡೀಬೇಕು ಅಂದವ್ರೆ ಡಾಕ್ಟ್ರು" ಎನ್ನುತ್ತಿದ್ದರು. ತುಂಬಿದ ಬಿಂದಿಗೆ ಹೊತ್ತು ನಡೆಯಲು ಹೇಳುವ ಆ ಡಾಕ್ಟರು ಯಾರೆಂದು ಕೇರಿಯಲ್ಲಿ ಯಾರೂ ಕೇಳಲಿಲ್ಲ. ಪಕ್ಕದ ಮನೆಯವರು ಕೂಡ ಕೇಳಲಿಲ್ಲ ಎಂಬುದೇ ನನಗೆ ಆಶ್ಚರ್ಯ. ಅಕ್ಕನಿಗೆ ಹೆಣ್ಣುಮಗು ಹುಟ್ಟಿತು. ನಲ್ಲಿ ಬಂದಾಗ ಆ ಮಗು ಅದರ ಕಂಬ ಹಿಡಿದುಕೊಂಡು ನಿಲ್ಲುತ್ತಿತ್ತು.

ಮೈದುನನ ಮದುವೆಯೂ ಆಯಿತು. ಹೆಣ್ಣಿನ ಕಡೆಯವರು ನೋಡಲು ಬಂದ ದಿನ ನಾನೂ ಇದ್ದೆ. ಹೆಣ್ಣಿನ ತಾಯಿ ಮೆಚ್ಚಿಕೊಂಡು, "ಮನೆ ಮುಂದೇನೇ ನಲ್ಲಿ ಐತಲ್ಲ" ಎಂದಳು.

"ಅದಾ?" ಎಂದರು ಅತ್ತೆ. "ನಮ್ಗ್ಯಾಕಮ್ಮಾ ನಲ್ಲಿ? ಪಾಪ, ಪಕ್ಕದ್ಮನೆಯೋರ್‍ಗೆ ಕಷ್ಟ ಅಂತ ಆಕ್ಸಿದ್ದು."

ಆಮೇಲೆ ಒಂದೆರಡು ವರ್ಷಕ್ಕೆ ಸಮಿತಿಗೆ, ತಾನು ಹಾಕಿಸಿದ ನಲ್ಲಿಗಳಿಂದ ಜನ ಸುಖವಾಗಿದ್ದಾರೆಯೇ ಎಂದು ತಿಳಿದುಕೊಳ್ಳುವ ಆಸೆಯಾಯಿತು. ಈ ಸಲ ಪ್ರಶ್ನೆಗಳನ್ನು ಬರೆಯುವ ಕೆಲಸ ನನಗೇ ಬಂತು. ಪರ್ಯಾಪ್ತವನ್ನು ಹೊಡೆದುಹಾಕಿದೆ. ವಯಸ್ಸನ್ನು ಕೊನೆಗೆ ಕಳಿಸಿದೆ. ಪಕ್ಕದ ಮನೆಗೆ ಫಾರಂನಲ್ಲಿ ಶಾಶ್ವತವಾಗಿ ಒಂದು ಸಾಲು ಕೊಟ್ಟೆ. ಒಂದೊಂದು ಪ್ರಶ್ನೆಯನ್ನೂ ರೈಲಿನ ಹೆಂಗಸರ ಮೇಲೆ ಪ್ರಯೋಗಿಸಿ, ಅವರು ತೊಡರಿದ ಕಡೆಯಲ್ಲೆಲ್ಲ ತಿದ್ದಿದೆ. ಮೇಲ್ವಿಚಾರಕರು ಓದಿ, ಇದರಲ್ಲಿ ಬಿಟ್ಟುಹೋದದ್ದು ಏನೂ ಇಲ್ಲ ಎಂದರು. ನನಗೂ ಹಾಗೇ ಅನಿಸಿತ್ತು, ಸ್ವಲ್ಪ ಜಂಬವೂ ಬಂದಿತ್ತು.

ಆ ಫಾರಂ ಹಿಡಿದುಕೊಂಡು ಅದೇ ಜಗಲಿಗೆ ಹೋದೆ. ಅಕ್ಕ ಒಳಗೆ ಮುದ್ದೆ ಕೂಡಿಸುತ್ತಿದ್ದಳು. ಮಗು ಅಜ್ಜಿಯ ತೊಡೆಯ ಮೇಲೆ ಕೂತು ಅವರೆಕಾಯಿ ಹರಡುತ್ತಿತ್ತು. ಅತ್ತೆ ಎಲ್ಲದಕ್ಕೂ ತಮ್ಮ ಹಳೆಯ ವರಸೆಯಲ್ಲೇ ಉತ್ತರಿಸಿದರು. ಅಕ್ಕಿ ಇದೆಯೇ, ಇದೆ. ಸೌದೆ ಇದೆಯೇ, ಬೇಕಾದಷ್ಟಿದೆ. ನೀರು, ಮೊದಲೂ ಇತ್ತು ಈಗಲೂ ಇದೆ. ಆ ಹೊಸಿಲಿನ ಮೇಲೆ ಇಲ್ಲ ಎಂಬ ಮಾತನ್ನು ಅವರು ಆಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. ಕೈ ಬರೆಯುತ್ತ ಹೋಯಿತು.

"ಸೊಸೆಗೆ ಮಕ್ಕಳೆಷ್ಟು ಅತ್ತೆ?" ಎಂದು ಕೇಳುತ್ತಲೇ, ಉತ್ತರಕ್ಕೆ ಕಾಯದೆ, ಒಂದು ಎಂದು ಬರೆಯತೊಡಗಿದ್ದೆ.

ಅವರು ಮಗುವಿನ ತಲೆಯ ಮೇಲೆ ಕೈಯಿಟ್ಟುಕೊಂಡು ದಿಬ್ಬದ ಕಡೆ ನೋಡಿದರು. "ಎರಡು ಕಣಮ್ಮಾ" ಎಂದರು. "ಒಂದು ಇಲ್ಲ."

ನಾನು ಬರೆದಿದ್ದ ಆ ಫಾರಂನಲ್ಲಿ ಬದುಕಿರುವ ಮಕ್ಕಳಿಗೆ ಮಾತ್ರ ಜಾಗವಿತ್ತು. ಒಂದನ್ನು ಹೊಡೆದುಹಾಕಿ ಎರಡು ಎಂದು ಬರೆದುಕೊಂಡೆ.